ಬೋಳು ಸುತ್ತಿಗೆ

ನಮ್ಮ ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದಾರೆ. ಈ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಇಣುಕಿದರೆ ಗಾರೆ ಕೆಲಸದವನು ಒಂದು ಬಕೆಟ್ ನೀರಿನಲ್ಲಿ ಸುತ್ತಿಗೆಯನ್ನು ತಲೆಕೆಳಗಾಗಿ ಮುಳುಗಿಸಿಟ್ಟು ಬೀಡಿ ಹಚ್ಚುತ್ತಿದ್ದ. ನಿಮಗೆ ಇದರಲ್ಲಿ ವಿಶೇಷವೇನೂ ಕಾಣದಿರಬಹುದು. ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ಏನಪ್ಪಾ, ತಲೆ ಸಡಿಲವಾಗಿದೆಯಾ?" ಎಂದೆ.

"ಊಂ ತಾತ. ನೀರ್ಗಾಕುದ್ರೆ ಬಿಗಿ ಆಯ್ತದೆ."

"ಮಧ್ಯಾಹ್ನಕ್ಕೆ ಮತ್ತೆ ಸಡಿಲವಾಗುತ್ತೆ."

"ಮಧ್ಯಾನ್ನುಕ್ಕೆ ನಾನು ಊಟುಕ್ಕೋಯ್ತೀನಲ್ಲ" ಎಂದು ನಕ್ಕ.

ಒಳಗಿನಿಂದ ಸೊಸೆ, "ಮಾವ, ನಿಮ್ಮ ಕಾಫಿ ಆರ್ತಾ ಇದೆ, ಆ ಮನೆ ಬೀಳೋದಿಲ್ಲ, ಬನ್ನಿ" ಎಂದಳು. ಬಂದು ಕೂತೆ. ಕಾಫಿ ಆರಿಯೇ ಹೋಯಿತು. ಯಾಕೆಂದರೆ ಸುತ್ತಿಗೆಯನ್ನು ಬೆಳಿಗ್ಗೆ ನೋಡಬಾರದು, ಮಧ್ಯಾಹ್ನ ನೋಡಬೇಕು ಎಂದು ನನಗೆ ಕಲಿಸಿದವಳು ನಿಂಗವ್ವ. ಅವಳ ನೆನಪು ಬಂದರೆ ನನ್ನ ತಲೆಯೊಳಗೆ ಎಲ್ಲವೂ ಕಲಸಿಹೋಗುತ್ತದೆ. ನಾನು ಆಡಿದ್ದು ಒಂದು, ಅವಳು ಕೇಳಿದ್ದು ಒಂದು. ಯಾವುದು ನಿಜವಾಗಿ ನಡೆದದ್ದು ಎಂದು ಇಷ್ಟು ವರ್ಷವಾದರೂ ನನಗೆ ಸ್ಪಷ್ಟವಿಲ್ಲ. ನಿಮ್ಮೆದುರು ಹರಡಿಕೊಂಡು ಕೂತರೆ ಏನಾದರೂ ತಿಳಿಯುತ್ತದೋ ನೋಡೋಣ.

ಮೊದಲು ನಮ್ಮ ಅಂಗಡಿಯ ವಿಷಯ ಹೇಳಿಬಿಡಬೇಕು. ಹಾಸನದ ಪೇಟೆಯಲ್ಲಿ ನಮ್ಮಪ್ಪನದು ಕಬ್ಬಿಣದ ಅಂಗಡಿ. ಗುದ್ದಲಿ, ಹಾರೆ, ಪಿಕಾಸಿ, ಸುತ್ತಿಗೆ, ಬಾಣಲೆ, ಬಾಗಿಲಿನ ಚಿಲಕ. ಬೆಳಿಗ್ಗೆ ಹಣೆಗೆ ವಿಭೂತಿ ಬಳಿದುಕೊಂಡು ಕೂತರೆ ಅಪ್ಪ ಮೇಲೇಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೇ. ಹೊಸದಾಗಿ ಬಂದ ಮಾಲಿನಲ್ಲಿ ಬಿರುಕೋ ಓರೆಯೋ ಏನಾದರೂ ಐಬು ಕಂಡರೆ, ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಅದರ ಮೇಲೊಂದು ಬೊಟ್ಟು ಇಡುತ್ತಿದ್ದರು. ಬೊಟ್ಟಿನ ಮಾಲು ಎಂದರೆ ವಾಪಸು ಹೋಗಬೇಕಾದದ್ದು. ಬೊಟ್ಟಿಲ್ಲದ್ದು ಬೋಳು ಮಾಲು, ಅಂದರೆ ಗಟ್ಟಿ ಮಾಲು, ಗಿರಾಕಿಗೆ ಕೊಡುವಂಥದು. "ಬೋಳು ನೋಡಿ ಕೊಡೋ, ಬೋಳು ನೋಡಿ ಕೊಡೋ" ಎಂದು ಅಪ್ಪ ದಿನಕ್ಕೆ ಹತ್ತು ಸಲ ಕೂಗುತ್ತಿದ್ದರು. ಈ ಮಾತು ನನ್ನ ಕಿವಿಗೆ ಎಷ್ಟು ಸವೆದಿತ್ತೆಂದರೆ, ಅಂಗಡಿಯಿಂದ ಹೊರಗೆ ಆ ಪದಗಳಿಗೆ ಬೇರೆ ಅರ್ಥವಿದೆ ಎನ್ನುವುದು ಗೊತ್ತಿದ್ದೂ ಹೊಳೆಯುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಇಪ್ಪತ್ತೆರಡರ ವಯಸ್ಸಿನಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನೊಣ ಓಡಿಸುತ್ತಿದ್ದ ನನಗೆ ಒಂದು ಕೆಲಸ ಸಿಕ್ಕಿತು. ಮೂವತ್ತರ ದಶಕದ ನಡುಭಾಗ ಇರಬೇಕು. ನಮ್ಮಲ್ಲಿ ಹಾರೆ, ಪಿಕಾಸಿ ಕೊಳ್ಳುತ್ತಿದ್ದ ಹಿರೀಸಾವೆ ಕಡೆಯ ಒಬ್ಬ ಕಂಟ್ರಾಕ್ಟರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಗೆ ಜಲ್ಲಿ ಒಡೆಸುತ್ತಿದ್ದರು. ಹಿಂದಿನ ತಿಂಗಳು ಅಲ್ಲಿ ಒಂದು ಸುತ್ತಿಗೆಯ ತಲೆ ಕಾವಿನಿಂದ ಕಳಚಿ ಹಾರಿ ಒಬ್ಬ ಆಳಿನ ಮಂಡಿ ಒಡೆದಿತ್ತು. ಕಾವು ಎಂದರೆ ಮರದ ಹಿಡಿ. ಆ ಆಳು ಮತ್ತೆ ಕೆಲಸಕ್ಕೆ ಬರುವ ಹಾಗಿರಲಿಲ್ಲ. ಸಾಮಾನು ನೋಡಿ, ಸವೆದದ್ದನ್ನು ಆರಿಸಿ ತೆಗೆಯುವುದಕ್ಕೆ ತಿಳಿದವನು ಒಬ್ಬ ಬೇಕು ಎಂದು ಅವರು ಕೇಳಿದಾಗ ಅಪ್ಪ, "ನಮ್ಮ ಹುಡುಗ ಕಬ್ಬಿಣದಲ್ಲೇ ಹುಟ್ಟಿದವನು" ಎಂದುಬಿಟ್ಟರು. ನಿಜ ಹೇಳಬೇಕೆಂದರೆ ನನಗೆ ಗೊತ್ತಿದ್ದದ್ದು ಹೊಸ ಸಾಮಾನು ಮಾತ್ರ. ಕೆಲಸಕ್ಕೆ ಬಿದ್ದು ಸವೆದ ಸುತ್ತಿಗೆಯನ್ನು ನಾನು ಕೈಯಲ್ಲಿ ಹಿಡಿದೇ ಇರಲಿಲ್ಲ. ಸುತ್ತಿಗೆ ಸವೆದವರು ಅಂಗಡಿಗೆ ಬಂದು ಹೊಸದು ಕೊಳ್ಳುತ್ತಿದ್ದರು, ಹಳೆಯದನ್ನು ಯಾರು ತಂದು ತೋರಿಸುತ್ತಾರೆ?

ರಸ್ತೆಯ ಪಕ್ಕದಲ್ಲಿ ಒಂದು ಹಾಸುಬಂಡೆ, ಅದರ ಬುಡದಲ್ಲಿ ನನ್ನ ಗುಡಾರ. ಗಂಡಾಳುಗಳು ದೊಡ್ಡ ಸಮ್ಮಟಿಗೆಯಿಂದ ಬಂಡೆ ಸೀಳಿದರೆ, ಹೆಣ್ಣಾಳುಗಳು ಸಾಲಾಗಿ ಕೂತು ಸಣ್ಣ ಸುತ್ತಿಗೆಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಇಷ್ಟೂ ಜನರ ಮೇಲೆ ಪುಟ್ಟೇಗೌಡ ಎಂಬ ಮೇಸ್ತ್ರಿ. ದೊಡ್ಡ ಮೈ, ದೊಡ್ಡ ಗಂಟಲು, ನನ್ನನ್ನು ಕಂಡರೆ ಮರ್ಯಾದೆಯ ಜೊತೆಗೆ ಒಂದಿಷ್ಟು ನಗು. ಸಂಜೆ ಸಾಮಾನೆಲ್ಲ ಗುಡಾರಕ್ಕೆ ಬರಬೇಕು, ಬೆಳಿಗ್ಗೆ ನಾನು ನೋಡಿ ಕೊಡಬೇಕು. ಮೊದಲ ಮೂರು ದಿನ ನಾನು ಪ್ರತಿಯೊಂದು ಸುತ್ತಿಗೆಯನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಗಂಭೀರವಾಗಿ ತಲೆಯಾಡಿಸಿ, ಪುಸ್ತಕದಲ್ಲಿ "ಸರಿ" ಎಂದು ಬರೆದೆ. ಎಲ್ಲವೂ ಸರಿ. ಒಂದೇ ಒಂದು ಸುತ್ತಿಗೆ ಅಲ್ಲಾಡಲಿಲ್ಲ. ಅಪ್ಪ ಹೇಳಿದ್ದು ಸುಳ್ಳಲ್ಲ, ನಾನು ಕಬ್ಬಿಣದಲ್ಲೇ ಹುಟ್ಟಿದವನು ಅಂತ ನನಗೇ ಅನ್ನಿಸತೊಡಗಿತು.

ನಾಲ್ಕನೆಯ ದಿನ ನಿಂಗವ್ವ ಗುಡಾರದ ಹತ್ತಿರ ಬಂದಳು. ಕೊಣನೂರಿನ ಆಚೆಯ ಒಂದು ಹಳ್ಳಿಯವಳು. ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಗಂಡ ಹೋಗಿ ಎರಡು ವರ್ಷವಾಗಿತ್ತು. ಬರಿ ಹಣೆ, ಬರಿ ಕೈ. ಹೆಚ್ಚು ಮಾತಿನವಳಲ್ಲ, ಆದರೆ ಅವಳು ಒಡೆದ ಜಲ್ಲಿಯ ರಾಶಿ ಅಳತೆ ಇಟ್ಟು ಕೊಯ್ದ ಹಾಗಿರುತ್ತಿತ್ತು.

"ಬುದ್ದಿ, ಬೆಳಿಗ್ಗೆ ನೋಡುದ್ರೆ ಏನ್ ಕಂಡಾತು? ಮಧ್ಯಾನ್ನ ನೋಡಿ" ಎಂದಳು.

"ಯಾಕೆ?"

"ರಾತ್ರೆಯೆಲ್ಲ ನೀರ್ನಾಗೆ ಇರ್ತವೆ. ಕಾವು ಉಬ್ಬಿ ಬಿಗಿಯಾಯ್ತದೆ. ಬಿಸ್ಲು ಏರುದ್ರೆ ಒಣಗಿ ಲೊಡ್ ಲೊಡ್ ಅಂತದೆ."

ಆಳುಗಳು ಸಂಜೆ ತಂದ ಸಾಮಾನನ್ನು ಗುಡಾರದ ಹಿಂದಿನ ತೊಟ್ಟಿಯಲ್ಲಿ ಇಳಿಬಿಟ್ಟು, ಬೆಳಗ್ಗೆ ಒರೆಸಿ ನನ್ನ ಮುಂದಿಡುತ್ತಿದ್ದರಂತೆ. ಅದೇ ತೊಟ್ಟಿಯಲ್ಲಿ ನಾನು ದಿನಾ ಮುಖ ತೊಳೆಯುತ್ತಿದ್ದೆ, ಕಂಡಿರಲಿಲ್ಲ. ಇದರಲ್ಲಿ ಮೋಸವೇನಿರಲಿಲ್ಲ ಅನ್ನಿ. ಸುತ್ತಿಗೆ ಕೆಟ್ಟಿದೆ ಎಂದರೆ ಅವತ್ತಿಗೆ ಆ ಆಳಿಗೆ ಕೆಲಸವಿಲ್ಲ. ಕೆಟ್ಟದ್ದೋ ಒಳ್ಳೆಯದೋ, ಕೈಯಲ್ಲಿ ಒಂದು ಇದ್ದರೆ ಸರಿ ಎಂದು ಅವರ ಲೆಕ್ಕ.

ನಿಂಗವ್ವ ಇನ್ನೊಂದನ್ನೂ ಕಲಿಸಿದಳು. ಒಂದು ಚಿಟಿಕೆ ಹತ್ತಿಯನ್ನು ಕಾವಿನ ಉದ್ದಕ್ಕೂ ಸವರಿದರೆ ಕಣ್ಣಿಗೆ ಕಾಣದ ಸೀಳಿದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. "ನಿಮ್ ಕಣ್ಣು ಸುಳ್ಳೇಳ್ತದೆ, ಅತ್ತಿ ಏಳಾಕಿಲ್ಲ" ಎಂದಳು. ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಬೇಕಿತ್ತು. ನಾನು ಗುಮಾಸ್ತ, ಅವಳು ಆಳು, ಕೇಳಲಿಲ್ಲ.

ಮರುದಿನ ಮಧ್ಯಾಹ್ನ, ಎಲ್ಲರೂ ಮುದ್ದೆ ಉಂಡು ಮರದ ನೆರಳಿನಲ್ಲಿ ಅಡ್ಡಾಗಿದ್ದಾಗ, ನಾನು ಒಬ್ಬನೇ ಕೂತು ಸುತ್ತಿಗೆ, ಸಮ್ಮಟಿಗೆಗಳನ್ನೆಲ್ಲ ನೋಡಿದೆ. ಹದಿನಾಲ್ಕೋ ಹದಿನೈದೋ ಕೆಟ್ಟಿದ್ದವು. ಕೆಲವಕ್ಕೆ ಬೆಣೆಯೇ ಇಲ್ಲ, ಕೆಲವಕ್ಕೆ ಕಾವು ಸೀಳಿದೆ, ಒಂದೆರಡರ ಮುಖ ಬಡಿದು ಬಡಿದು ಅಣಬೆಯಂತೆ ಅಂಚು ಹೊರಚಾಚಿ ಚೂರು ಏಳುವ ಹಾಗಿದೆ. ಮೂರು ದಿನ ಇವುಗಳಿಗೆಲ್ಲ "ಸರಿ" ಎಂದು ಬರೆದಿದ್ದೆ! ಹೊಸ ಕಾವುಗಳು ಅರಕಲಗೂಡಿನಿಂದ ಬರಲು ಇನ್ನೆರಡು ದಿನ ಬೇಕು. ಅಲ್ಲಿಯವರೆಗೆ ಇವನ್ನು ಯಾರೂ ಮುಟ್ಟಬಾರದು. ಆ ಮಧ್ಯಾಹ್ನ ಮಾತ್ರ ಆಳುಗಳು ಎದ್ದು ಅವನ್ನೇ ಎತ್ತಿಕೊಂಡು ಹೋದಾಗ, ಸರಿ ಎಂದು ಬರೆದಿದ್ದ ನನಗೆ ತಡೆಯಲು ಮುಖವಿರಲಿಲ್ಲ. ಸಂಜೆ ಸಾಮಾನೆಲ್ಲ ಒಳಗೆ ಬಂದ ಮೇಲೆ ನಾನು ಮಾಡಿದ ಕೆಲಸ ಹೇಳುತ್ತೇನೆ, ನಗಬೇಡಿ. ಬೊಟ್ಟು ಇಡಲು ಕೆಮ್ಮಣ್ಣು ಹುಡುಕಿದೆ, ಸಿಗಲಿಲ್ಲ. ಗುಡಾರದ ಮೂಲೆಯಲ್ಲಿ ದೇವರ ಪಟದ ಮುಂದೆ ಕುಂಕುಮದ ಪೊಟ್ಟಣವಿತ್ತು. ಅದನ್ನೇ ಹೊಂಗೆ ಎಣ್ಣೆಯಲ್ಲಿ ಕಲಸಿ ಕೆಟ್ಟ ಸುತ್ತಿಗೆಗಳ ತಲೆಗೆಲ್ಲ ಚೆನ್ನಾಗಿ ಕಾಣುವಂತೆ ಒಂದೊಂದು ಬೊಟ್ಟಿಟ್ಟೆ. ಬೇರೆಯಾಗಿ ಎತ್ತಿಡಲೂ ಇಲ್ಲ. ಅಂಗಡಿಯಲ್ಲಿ ಬೊಟ್ಟಿಟ್ಟರೆ ಮುಗಿಯಿತು, ಯಾರೂ ಮುಟ್ಟುವುದಿಲ್ಲ. ಪುಟ್ಟೇಗೌಡನಿಗೆ ಹೇಳೋಣವೆಂದರೆ ಅವನು ಆಗಲೇ ಹೊಳೆನರಸೀಪುರಕ್ಕೆ ಹೊರಟುಹೋಗಿದ್ದ. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ.

ಬೆಳಿಗ್ಗೆ ನಾನು ಹಳ್ಳದ ಕಡೆ ಹೋಗಿ ಬರುವಷ್ಟರಲ್ಲಿ ಗುಡಾರದ ಮುಂದೆ ಜಗಳ ಹತ್ತಿಕೊಂಡಿತ್ತು. ಪುಟ್ಟೇಗೌಡ ತಾನೇ ಸಾಮಾನು ಈಚೆ ತೆಗೆಸಿದ್ದ. ಎಲ್ಲರಿಗೂ ಬೊಟ್ಟಿನ ಸುತ್ತಿಗೆಯೇ ಬೇಕು!

"ನಂಗೆ ಕೊಡ್ಲಾ, ನಾನ್ ಮೊದ್ಲು ಬಂದಿವ್ನಿ."

"ಬುದ್ದಿಯೋರು ಪೂಜೆ ಮಾಡ್ ಮಡಗವ್ರೆ ಕಣವ್ವ, ಇವೇ ಚೆನ್ನಾಗಿರವು."

ನಾನು ಓಡಿಬಂದೆ. ಅಷ್ಟರಲ್ಲಿ ಬೊಟ್ಟಿನವೆಲ್ಲ ಹಂಚಿಹೋಗಿ ರಾಶಿಯಲ್ಲಿ ಒಂದೇ ಒಂದು ಉಳಿದಿತ್ತು. ಎಲ್ಲರಿಗಿಂತ ಹಿಂದೆ ನಿಂತಿದ್ದ ನಿಂಗವ್ವ ಒಂದು ಗಳಿಗೆ ಅದನ್ನೇ ನೋಡಿ, ಬಗ್ಗಿ ಎತ್ತಿಕೊಂಡಳು. ಅದು ನನಗೆ ಚೆನ್ನಾಗಿ ಗೊತ್ತಿದ್ದ ಸುತ್ತಿಗೆ, ಇದ್ದುದರಲ್ಲೆಲ್ಲ ಕೆಟ್ಟದ್ದು. ಕಾವು ತಲೆಯ ಬುಡದಲ್ಲೇ ಸೀಳಿತ್ತು. ಎರಡು ಏಟಿಗೆ ಹಾರುತ್ತದೆ, ಇವಳ ಮುಖಕ್ಕೇ ಬಡಿಯುತ್ತದೆ. ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ:

"ನಿಂಗವ್ವ! ಅದನ್ನ ಮುಟ್ಟಬೇಡ! ಬೊಟ್ಟಿರೋದು ನಿನಗಲ್ಲ, ನಿನಗೆ ಬೋಳು!"

ಇಷ್ಟೇ ನಾನಂದದ್ದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಜಗಳ ನಿಂತುಹೋಯಿತು. ನಿಂಗವ್ವ ನನ್ನನ್ನು ನೋಡಿದಳು. ಬಾಯಿ ತೆರೆದಳು, ಏನೋ ಹೇಳುವವಳಿದ್ದಳು, ಹೇಳಲಿಲ್ಲ. ಸುತ್ತಿಗೆಯನ್ನು ಸದ್ದಾಗದಂತೆ ನೆಲದ ಮೇಲಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು ರಸ್ತೆಗೆ ಇಳಿದಳು. ನೀರಿಗೆ ಹೋದಳೇನೋ ಅಂದುಕೊಂಡೆ. ಎಂಥ ಪೆದ್ದ ನೋಡಿ. ಅವಳ ಪ್ರಾಣ ಉಳಿಸಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಆಮೇಲೆ ಉಳಿದವರಿಗೆಲ್ಲ ಹೇಳಿದೆ, ಬೊಟ್ಟಿಟ್ಟಿರೋದು ಕೆಟ್ಟವು, ಕೆಳಗಿಡಿ ಅಂತ. ಯಾರೂ ನನ್ನ ಮುಖ ನೋಡಲಿಲ್ಲ. ಆಡಿದ ಮಾತನ್ನು ಮರೆಸಲು ಕಥೆ ಕಟ್ಟುತ್ತಿದ್ದೇನೆ ಅಂತ ಅವರಿಗೆ ಅನ್ನಿಸಿರಬೇಕು. ಪುಟ್ಟೇಗೌಡ, "ಕುಂಕ್ಮ ಇಟ್ಟಿರದ್ನ ಯಾರಾರ ಕೆಟ್ಟದ್ದು ಅಂದಾರಾ ಬುದ್ದಿ? ಬುಡಿ, ಬುಡಿ" ಎಂದು, ಬೊಟ್ಟಿದ್ದ ಸಮ್ಮಟಿಗೆಯನ್ನೇ ಹೆಗಲಿಗಿಟ್ಟು ಬಂಡೆ ಹತ್ತಿದ. ನಾನು ಹಿಂದೆಯೇ ಹೋಗಿ ಕಿತ್ತುಕೊಳ್ಳಬೇಕಿತ್ತು. ಅವನ ಮೈ ನೋಡಿ ಧೈರ್ಯ ಬರಲಿಲ್ಲ. ಬಿಸಿಲೇರಿದ ಮೇಲೆ ಅದರ ತಲೆ ಕಳಚಿ ಅವನ ಎಡಗಾಲಿನ ಮೇಲೆ ಬಿತ್ತು. ಎರಡು ಬೆರಳು ಜಜ್ಜಿಹೋದವು.

ಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದವನು ನಡುವೆ ಒಮ್ಮೆ ಕಣ್ಣು ಬಿಟ್ಟು, "ಅಲ್ಲಾ ಬುದ್ದಿ, ನೀವು ಏಳಿದ್ದು ದಿಟ್ವೇ. ಕೆಟ್ಟಿದ್ದುಕ್ಕೇ ಬೊಟ್ಟಿಟ್ಟಿದ್ರಾ?" ಎಂದ.

"ಹೌದು ಕಣಯ್ಯ, ಬಡಕೊಂಡೆನಲ್ಲ!"

"ಅಂಗಾದ್ರೆ ಆ ಹೆಣ್ಣುಮಗೀಗೆ ಯಾಕ್ ಅಂಗಂದ್ರಿ?"

"ಏನಂದೆ?"

ಅವನು ನೋವಿನಲ್ಲೂ ನನ್ನನ್ನು ವಿಚಿತ್ರವಾಗಿ ನೋಡಿದ. "ಬೊಟ್ಟು ನಿಂಗಲ್ಲ, ನಿಂಗೆ ಬೋಳು ಅಂದ್ರಲ್ಲ ಬುದ್ದಿ, ಅಷ್ಟು ಜನದ ಮುಂದೆ. ಗಂಡ ಸತ್ತೋಳ್ಗೆ ಅದುಕ್ಕಿಂತ ಇನ್ನೇನ್ ಅನ್ಬೇಕು?"

ಗಾಡಿ ಹೋಗುತ್ತಲೇ ಇತ್ತು. ಅಪ್ಪ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು ನನ್ನ ಬಾಯಲ್ಲಿ ಇನ್ನೊಂದಾಗಿ ಹೊರಬಿದ್ದಿತ್ತು. ನಾನು ಹಾಗೆ ಅಂದೆನೋ ಅನ್ನಲಿಲ್ಲವೋ? ಮಾತು ನನ್ನದೇ, ಅರ್ಥ ನನ್ನದಲ್ಲ. ಕೇಳಿದ ಅಷ್ಟೂ ಜನರಿಗೆ ಒಂದೇ ಅರ್ಥವಾಗಿರುವಾಗ, ನನ್ನೊಬ್ಬನ ಅರ್ಥಕ್ಕೆ ಏನು ಬೆಲೆ?

ನಿಂಗವ್ವ ಮತ್ತೆ ಕೆಲಸಕ್ಕೆ ಬರಲಿಲ್ಲ. ಅವಳ ಊರಿನ ಕಡೆಯ ಒಬ್ಬಳ ಕೈಯಲ್ಲಿ ಹೇಳಿ ಕಳಿಸಿದೆ. "ಅಂಗಲ್ವಂತೆ, ಸುತ್ಗೆ ಮಾತಂತೆ ಅಂದೆ. ಆಗ್ಲಿ ಬುಡು ಅಂದ್ಲು" ಎಂದು ವರದಿ ಬಂತು. ಆ "ಆಗ್ಲಿ ಬುಡು" ಎನ್ನುವುದು ನಂಬಿ ಅಂದದ್ದೋ, ನಂಬದೆ ಅಂದದ್ದೋ ನನಗೆ ತಿಳಿಯಲಿಲ್ಲ. ನಾನೇ ಹೋಗಬೇಕಿತ್ತು. ನಾಳೆ ಹೋಗೋಣ, ವಾರ ಕಳೆಯಲಿ, ಎಂದು ಮುಂದೂಡಿದೆ. ಕೆಲಸ ಮುಗಿಯಿತು, ಹಾಸನಕ್ಕೆ ಹಿಂತಿರುಗಿದೆ, ಮದುವೆಯಾಯಿತು, ಅಪ್ಪ ತೀರಿಕೊಂಡರು, ಗಲ್ಲಾಪೆಟ್ಟಿಗೆಯ ಹಿಂದೆ ನಾನು ಕೂತೆ. ಮಾಲಿಗೆ ಕೆಂಪು ಬೊಟ್ಟಿಡುವುದನ್ನು ಬಿಟ್ಟು ಸುಣ್ಣದ ಗೀಟು ಎಳೆಯತೊಡಗಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಯುದ್ಧದ ವರ್ಷಗಳಲ್ಲಿ ಹೊಸ ಕಬ್ಬಿಣ ಕಣ್ಣಿಗೆ ಕಾಣದಾಯಿತು. ಜನ ಹಳೆಯ ಗುದ್ದಲಿ, ಸುತ್ತಿಗೆಗಳಿಗೇ ಹೊಸ ಕಾವು ಹಾಕಿಸಿಕೊಂಡು ದಿನ ತಳ್ಳುತ್ತಿದ್ದರು. ಆಗ ಅರಕಲಗೂಡಿನ ಕಡೆಯ ಗಿರಾಕಿಗಳ ಬಾಯಲ್ಲಿ ಒಂದು ಹೆಸರು ಕೇಳತೊಡಗಿತು. "ನಿಂಗವ್ವನ ಬೋಳು ಕಾವು ಇದ್ರೆ ಕೊಡಿ ಸಾ" ಎನ್ನುತ್ತಿದ್ದರು. ಏನದು ಎಂದರೆ, "ಕೊಣ್ನೂರ್ ಸಂತೇಲಿ ಮಾರ್ತಾಳೆ. ಮುರಿಯಾಕಿಲ್ಲ, ಸೀಳಾಕಿಲ್ಲ" ಎಂದರು. ಮುಂದಿನ ಸಂತೆಯ ದಿನವೇ ಬಸ್ಸು ಹತ್ತಿದೆ.

ಹುಣಸೆಮರದ ಕೆಳಗೆ ಕಾವುಗಳನ್ನು ಉದ್ದಕ್ಕೆ ಜೋಡಿಸಿಕೊಂಡು ಕೂತಿದ್ದಳು. ತಲೆ ಅರ್ಧ ನರೆತಿತ್ತು. ಒಬ್ಬ ರೈತನಿಗೆ ಕೊಡುವ ಮುಂಚೆ ಕಾವಿನ ಉದ್ದಕ್ಕೂ ಚಿಟಿಕೆ ಹತ್ತಿ ಸವರುತ್ತಿದ್ದಳು. ಎಳೆ ಸಿಕ್ಕಿಕೊಂಡಿತೇನೋ, ಅದನ್ನು ಬದಿಗಿಟ್ಟು ಇನ್ನೊಂದು ತೆಗೆದಳು. ನಾನು ಮುಂದೆ ಹೋಗಿ ನಿಂತೆ. ಕಣ್ಣೆತ್ತಿ ನೋಡಿದವಳೇ, "ಗುಮಾಸ್ತ್ರಲ್ವಾ? ಕುತ್ಕಳಿ ಬುದ್ದಿ" ಎಂದಳು. ನೀನು ಅನ್ನಬೇಕೋ ನೀವು ಅನ್ನಬೇಕೋ ತೋಚದೆ ಕೂತೆ.

"ನಿಮ್ ಮಾತಿಂದ್ಲೇ ಈ ಕಸುಬು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. "ಅವತ್ತು ದಾರಿ ಉದ್ದುಕ್ಕೂ ಅತ್ಕಂಡ್ ಬಂದೆ. ಊರು ಸಿಕ್ಕೋ ವೊತ್ಗೆ ಅಳು ನಿಂತಿತ್ತು, ಸಿಟ್ಟು ನಿಂತಿರ್ನಿಲ್ಲ. ಇನ್ನೊಬ್ರು ಕೊಟ್ಟ ಸುತ್ಗೆ ಇನ್ಮೇಲೆ ಮುಟ್ಟಾಕಿಲ್ಲ ಅಂತ, ನಮ್ ಕೇರಿ ಬಡಗಿ ಅಜ್ಜನ ತಾವ ಕಾವು ಕೆತ್ತಾದ್ ಕಲ್ತೆ. ಬೋಳು ಅಂದ್ರಲ್ಲ, ಬೋಳೇ ಇರ್ಲಿ. ಒಂದುಕ್ಕೂ ಬೊಟ್ಟಿಡಾಕಿಲ್ಲ. ಆಯುಧಪೂಜೆ ದಿನಾನೂವೆ."

ನಾನು ಎಲ್ಲ ಹೇಳಿದೆ. ಅಂಗಡಿ, ಕೆಮ್ಮಣ್ಣು, ಬೊಟ್ಟಿನ ಮಾಲು, ಬೋಳು ಮಾಲು, ಸೀಳಿದ ಕಾವು, ನನ್ನ ಹೆದರಿಕೆ. ಒಂದೇ ಉಸಿರಿಗೆ, ವರ್ಷಗಟ್ಟಲೆ ಕಂಠಪಾಠ ಮಾಡಿದ್ದನ್ನು ಒಪ್ಪಿಸುವ ಹಾಗೆ ಹೇಳಿದೆ. ಪುಟ್ಟೇಗೌಡನ ಬೆರಳಿನ ವಿಷಯವನ್ನೂ ಸಾಕ್ಷಿಗೆ ತಂದೆ. ಅವಳು ಕೈಯಲ್ಲಿದ್ದ ಹತ್ತಿಯನ್ನು ಹೊಸೆಯುತ್ತ ಕೇಳಿದಳು.

"ಕೆಟ್ಟಿದ್ದುಕ್ಕೆ ಬೊಟ್ಟಾ!" ಎಂದು ಒಮ್ಮೆ ನಕ್ಕಳು. ನಗು ಅರ್ಧದಲ್ಲೇ ನಿಂತಿತು. ಹತ್ತಿಯನ್ನು ಚಾಪೆಯ ಮೇಲಿಟ್ಟು ಕೇಳಿದಳು: "ನಾನ್ ಯಾಕೆ ಆ ಸುತ್ಗೆ ಎತ್ಕಂಡೆ ಗೊತ್ತಾ ಬುದ್ದಿ?"

"ಯಾಕೆ?"

"ಕಾವು ಸೀಳಿರದು ದೂರದಿಂದ್ಲೇ ಕಾಣ್ತಿತ್ತು. ಈ ಮಗೀಗೆ ಇಷ್ಟು ಏಳ್ಕೊಟ್ರೂ ಕೆಟ್ಟಿದ್ದುಕ್ಕೇ ಪೂಜೆ ಮಾಡ್ ಮಡಗೈತಲ್ಲ, ತೋರ್ಸಾಣ ಅಂತ ಎತ್ಕಂಡೆ. ನಾನು ಬಾಯ್ ಬುಡಾದ್ರೊಳ್ಗೆ ನೀವು ಅಂದ್ಬುಟ್ರಿ."

ಅವಳು ಸಾಲಾಗಿ ಮಲಗಿದ್ದ ಕಾವುಗಳನ್ನು ಒಂದು ಸಲ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಈ ಸಿಟ್ನಾಗೇ ಇಷ್ಟು ವರ್ಸ ಬದುಕ್ದೆ ಬುದ್ದಿ. ಇದುನ್ನೇ ಇಟ್ಕಂಡು ನಾಲ್ಕು ಜನದ ಮುಂದೆ ನಿಂತ್ಕಂಡೆ. ಈಗ ಬಂದು ಅದು ಅಂಗಲ್ಲ ಅಂತೀರಿ. ಈಗ ಈ ಸಿಟ್ಟು ತಗಂಡೋಗಿ ಎಲ್ಲಿ ಮಡಗ್ಲಿ?"

ಅಷ್ಟರಲ್ಲಿ ಯಾರೋ ಗುದ್ದಲಿ ಹಿಡಿದು ಬಂದರು. ಅವಳು ಆ ಕಡೆ ತಿರುಗಿ ಅದರ ಕಣ್ಣಿನ ತೂತಿಗೆ ಸರಿಹೊಂದುವ ಕಾವು ಹುಡುಕತೊಡಗಿದಳು. ನಾನು ಒಂದಷ್ಟು ಹೊತ್ತು ಕೂತಿದ್ದು, "ಬರ್ತೀನಿ" ಎಂದು ಎದ್ದೆ. "ಊಂ" ಎಂದಳು. ಆಮೇಲೆ ನಾನು ಕೊಣನೂರಿಗೆ ಹೋಗಲಿಲ್ಲ.

ಕೊಣನೂರಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಹಗುರವೆನಿಸಿತ್ತು ಎಂದರೆ ನಿಮಗೆ ನಾಚಿಕೆಯಾದೀತು, ನನಗೂ ಆಗುತ್ತಿದೆ. ನನ್ನ ತಲೆಯ ಮೇಲಿದ್ದುದನ್ನು ಅವಳ ಸಂತೆಯ ಚಾಪೆಯ ಮೇಲೆ ಇಳಿಸಿ ಬಂದಿದ್ದೆ. ಅದನ್ನು ಅವಳು ಎಲ್ಲಿಟ್ಟಳೋ, ಆ ಕಾವುಗಳನ್ನು ಮುಂದೆ ಮಾರಿದಳೋ ಬಿಟ್ಟಳೋ, ನಾನು ವಿಚಾರಿಸಲಿಲ್ಲ. ಈಗ ಇದ್ದರೆ ತೊಂಬತ್ತರ ಹತ್ತಿರ ಇರಬೇಕು.

ಇದನ್ನು ಬರೆಯಲು ಕೂತಾಗ, ಎಂದೋ ಆಡಿದ ಮಾತಿಗೆ ಕೊನೆಗೂ ಕ್ಷಮೆ ಕೇಳಿಬಂದ ಕಥೆ ಬರೆಯುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಎಷ್ಟೋ ವರ್ಷದಿಂದ ಹಾಗೆಯೇ ನಂಬಿದ್ದೆ. ಹುಣಸೆಮರದ ಕೆಳಗೆ ನಾನು ಆಡಿದ್ದೆಂದು ಮೇಲೆ ಬರೆದದ್ದನ್ನು ಈಗ ಮತ್ತೊಮ್ಮೆ ಓದಿದೆ. ಕೆಮ್ಮಣ್ಣು ಇದೆ, ಅಪ್ಪನ ಅಂಗಡಿ ಇದೆ, ಪುಟ್ಟೇಗೌಡನ ಕಾಲ್ಬೆರಳು ಇದೆ. ತಪ್ಪಾಯಿತು ಎನ್ನುವ ಮಾತೊಂದು ಎಲ್ಲಿಯೂ ಇಲ್ಲ. ನಾನು ಅದನ್ನು ಆಡಿಯೇ ಇರಲಿಲ್ಲ. ಈಗ ಆಡುತ್ತಿದ್ದೇನೆ, ಕೇಳಬೇಕಾದವಳು ಮುಂದಿಲ್ಲ. ತಪ್ಪಾಯಿತು, ನಿಂಗವ್ವ.